ಮೂಗಯ್ಯನಿಗೆ ಅಮ್ಮ ಬಂದದ್ದು

ಬೆಳಗಿನ ತಮಟೆ ಸದ್ದಿಗೆ ತೆರಕಣಾಂಬಿಯ ಮೂಗಯ್ಯನ ಎದೆ ಧಸಕ್ಕೆಂದಿತು. ಮಲೇರಿಯಾದವರು ಬಂದಿದ್ದಾರೆ, ಇವತ್ತು ಮನೆಮನೆಯ ಗೋಡೆಗೂ ಡಿಡಿಟಿ ಹೊಡೆಯುತ್ತಾರೆ ಎಂದು ಸಾರಿದ್ದರು. ಸೊಳ್ಳೆ ಸಾಯಲಿ, ಯಾರು ಬೇಡವೆಂದರು? ಆದರೆ ಮೂಗಯ್ಯನ ನಡುಮನೆ ತುಂಬ ರೇಷ್ಮೆ ಹುಳು! ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುವ ಹುಳು. ಆ ಗೂಡು ಮಾರಿ ಒಂದು ಜೊತೆ ಎತ್ತು ಹಿಡಿಯಬೇಕೆಂದು ಗಂಡ ಹೆಂಡತಿ ಹಗಲೂ ಇರುಳೂ ಹಿಪ್ಪುನೇರಳೆ ಸೊಪ್ಪು ಹೊತ್ತಿದ್ದರು. ಡಿಡಿಟಿ ಸೋಕಿದರೆ ಒಂದು ಹುಳವೂ ಉಳಿಯುವುದಿಲ್ಲ.

"ಅಯ್ಯಯ್ಯೋ, ಕೆಟ್ವಲ್ಲಮ್ಮಿ!" ಎಂದು ತಲೆ ಮೇಲೆ ಕೈ ಹೊತ್ತವನಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ಅಮ್ಮ, ಅಂದರೆ ಸಿಡುಬು, ಬಂದ ಮನೆಯೊಳಗೆ ಪರರು ಕಾಲಿಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮೈಗೆಲ್ಲ ಅರಿಶಿನ ಬಳಿದುಕೊಂಡು, ಚಾಪೆ ಮೇಲೆ ಬೇವು ಹಾಸಿ ಮಲಗಿಯೇಬಿಟ್ಟ.

"ಅಮ್ಮನ ಎಸರಲ್ಲಿ ಸುಳ್ಳು ಯೋಳದಾ? ನಂಗ್ಯಾಕೋ ಎದ್ರಿಕೆ ಕಣಿ" ಎಂದಳು ಹೆಂಡತಿ ಶಾಂತಮಲ್ಲಮ್ಮ.

"ಬಾಯ್ಮುಚ್ಕೊಂಡು ಒಳಕ್ಕೋಗು!"

ಮಲೇರಿಯಾದವರಿಗಿಂತ ಮೊದಲು ಓಡಿಬಂದದ್ದು ಪಕ್ಕದ ಮನೆಯ ದೊಡ್ಡಮಾದಮ್ಮ. ಊರಲ್ಲಿ ಯಾರಿಗೆ ಕೆಮ್ಮಾದರೂ ಆಕೆಗೆ ನಿದ್ದೆ ಬಾರದು. ಅಮ್ಮ ಬಂದ ಮನೆಯೆಂದೂ ಅಂಜದೆ ನೇರ ಮೂಗಯ್ಯನ ತಲೆದೆಸೆಗೆ ಕೂತು ಬೇವಿನ ಕೊಂಬೆಯಿಂದ ಗಾಳಿ ಬೀಸತೊಡಗಿದಳು. ಎಲೆ ಮೂಗಿಗೆ ತಾಕಿ ಇವನು ಸೀನಿದ.

"ಅಯ್ಯೋ ನನ್ನ ತಮ್ಮ, ನೆಗಡೀನೂ ಸೇರ್ಕತ್ತಲ್ಲಪ್ಪ!" ಎಂದು ಇನ್ನೂ ಜೋರಾಗಿ ಬೀಸಿದಳು.

ಹೊತ್ತು ನೆತ್ತಿಗೇರಿತು. ಒಳಗೆ ಹುಳುಗಳು ಹಸಿದು ತಲೆ ಎತ್ತಿದ್ದವು. ಮೂಗಯ್ಯ ತಡೆಯಲಾರದೆ ಎದ್ದು ಕೂತ. "ಸೊಪ್ಪು ಕುಯ್ಕೊಂಡು ಬಂದ್ಬುಡ್ತೀನಿ ಮಾದಕ್ಕ."

"ಥೂ! ಅಮ್ಮ ಮೈಮೇಲವ್ಳೆ, ತೋಟಕ್ಕೋದೀಯಾ? ನಿನ್ನೆಡ್ತೀನೂ ಒಸ್ಲು ದಾಟಂಗಿಲ್ಲ. ನಾನೇನ್ ಸತ್ತೋಗಿದ್ದೀನಾ?" ಎಂದು ಅವನನ್ನು ಒತ್ತಿ ಮಲಗಿಸಿ ಕುಡುಗೋಲು ಹಿಡಿದು ಹೊರಟಳು.

ಒಂದೆರಡು ಗಂಟೆ ಕಳೆದು ದೊಡ್ಡಮಾದಮ್ಮ ಒಂದು ಕುಕ್ಕೆ ತುಂಬ ಸೊಪ್ಪು ತಂದಳು. ಶಾಂತಮಲ್ಲಮ್ಮ ಅದನ್ನು ತಟ್ಟೆಗಳಿಗೆ ಹರಡಿದಳು. ಹುಳುಗಳು ಸರಸರ ಮೇಯುವ ಸದ್ದು ಕೇಳಿ ಮೂಗಯ್ಯನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಮಲೇರಿಯಾ ಮೇಸ್ತ್ರಿ ಬಂದ. ಬೇವು ಕಂಡು ಬೀದಿಯಲ್ಲೇ ನಿಂತು ಕೂಗಿದ: "ಯಜಮಾನ್ರೇ, ಏಳ್ಬೇಡಿ! ರೇಷ್ಮೆ ಹುಳ ಸಾಕೋ ಮನೇಗೆ ನಾವು ಹೊಡೆಯೋದೇ ಇಲ್ಲ. ಬಾಗಿಲಿಗೆ ಗುರುತು ಹಾಕೋಕೆ ಬಂದೆ ಅಷ್ಟೆ."

ಮೂಗಯ್ಯ ತನ್ನ ಮೈ ನೋಡಿಕೊಂಡ. ಹಾಗಾದರೆ ಈ ಅರಿಶಿನ, ಈ ಬೇವು, ಈ ಸೀನು? ಹೋಗಲಿ, ಹುಳು ಉಳಿದವಲ್ಲ ಎಂದು ಸಮಾಧಾನ ಮಾಡಿಕೊಂಡ.

ಆಗಲೇ ಶಾಂತಮಲ್ಲಮ್ಮ ಕಿಟಾರನೆ ಕಿರುಚಿದಳು. "ಅಯ್ಯೋ, ಬನ್ನಿ! ಹುಳ ಮೇಯ್ತಿಲ್ಲ! ಎಲ್ಲಾ ಕಕ್ಕೊಂಡು ವದ್ದಾಡ್ತಾವೆ!"

ಮೂಗಯ್ಯ ದೊಡ್ಡಮಾದಮ್ಮನ ಕಡೆ ತಿರುಗಿದ. "ಮಾದಕ್ಕ, ಸೊಪ್ಪ ಎಲ್ಲಿ ಮಡಗಿದ್ದೆ?"

"ಬಿಸ್ಲಿಗೆ ಬಾಡ್ತದೆ ಅಂತ ನಮ್ಮನೆ ಒಳಗೆ ಅರಡಿದ್ದೆ ಕಣಪ್ಪ. ಡಿಡಿಟಿಯವ್ರು ಗ್ವಾಡೆಗೆ ಒಡೀವಾಗ ಅದ್ರ ಮೇಲೂ ಒಸಿ ತುಂತ್ರು ಬಿತ್ತು. ತಂಪಾಗ್ಲಿ ಅಂತ ಸುಮ್ನಾದೆ."

ಮೂಗಯ್ಯ ಕೂಗಿಕೊಂಡು ಎದ್ದ. ದೊಡ್ಡಮಾದಮ್ಮ ಎರಡೂ ಕೈಯಲ್ಲಿ ಅವನನ್ನು ಹಿಡಿದು ಮತ್ತೆ ಬೇವಿನ ಮೇಲೆ ಕೆಡವಿದಳು.

"ಅಮ್ಮ ನೆತ್ತಿಗೇರ್ಬುಟ್ಳು, ಪಾಪ! ಮಲೀಕೊ ನನ್ನ ತಮ್ಮ. ಸೊಪ್ಪಿನ ಯೋಚ್ನೆ ಬುಡು, ಇನ್ನೂ ಎರಡು ಕುಕ್ಕೆ ಅಲ್ಲೇ ಮಡಗಿವ್ನಿ."