ಏಳನೇ ಬುಟ್ಟಿಯ ಸಾಕ್ಷಿ

ಐಮೊ ಒಬ್ಬನೇ ಹೋದದ್ದೇ ತಪ್ಪಾಯಿತು. ನವೆಂಬರಿನ ಶನಿವಾರ, ಮಳೆಯೂ ಅಲ್ಲದ ಹಿಮವೂ ಅಲ್ಲದ ಎಂಥದೋ ಒಂದು ಬೀಳುತ್ತಿತ್ತು, ಸಾಲದ್ದಕ್ಕೆ ಮಂಜು. ನಮ್ಮ ಕೊಯ್ವುಲಂಪಿ ಊರಿನ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್, ಅಂದರೆ ದೂರದಿಂದ ತಟ್ಟೆ ಎಸೆದು ಕಂಬದ ಮೇಲಿನ ಸರಪಳಿಬುಟ್ಟಿಗೆ ಬೀಳಿಸುವ ಆಟ, ಆಡುವವರು ಯಾರೂ ಅಂಥ ಬೆಳಿಗ್ಗೆ ಹಾಸಿಗೆ ಬಿಟ್ಟೇಳುವುದಿಲ್ಲ. ಆದರೆ ಐಮೊಗೆ ಹೆಚ್ಚು ದಿನ ಉಳಿದಿರಲಿಲ್ಲ. ಸೋಮವಾರ ಮರ ಕಡಿಯುವ ಯಂತ್ರ ಬರುವುದಿತ್ತು. ಪಾರ್ಕಿನಲ್ಲಿ ಇನ್ನು ಮುಂದೆ ಕಾರು ನಿಲ್ಲಿಸುತ್ತಾರಂತೆ.

ಐಮೊ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ವರ್ಷಗಟ್ಟಲೆ ತಟ್ಟೆ ಎಸೆದಿದ್ದ. ಒಂದೇ ಎಸೆತಕ್ಕೆ ಅದು ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದದ್ದು ಒಂದು ಸಲವೂ ಇಲ್ಲ. ಹಾಗೆ ಬೀಳಿಸಿದವರ ಹೆಸರನ್ನು ಕ್ಲಬ್ಬಿನ ಗುಡಿಸಲಲ್ಲಿ ಒಂದು ಹಲಗೆಯ ಮೇಲೆ ಬರೆಯುತ್ತಾರೆ. ಅಲ್ಲಿ ಪಾದ್ರಿಯ ಹೆಸರಿದೆ, ಅಂಚೆಯವನ ಹೆಸರಿದೆ, ಮೊದಲ ದಿನವೇ ಕಣ್ಣುಮುಚ್ಚಿ ಎಸೆದ ದಂತವೈದ್ಯೆಯ ಹೆಸರೂ ಇದೆ. ಕೊನೆಯದು ಪೆಂಟಿಯ ಹೆಸರು. ಐಮೊಗೆ ಆಟ ಕಲಿಸಿದವನು ಅವನೇ, ಇದ್ದ ಒಬ್ಬ ಗೆಳೆಯನೂ ಅವನೇ. "ನನ್ನ ಪಕ್ಕದ ಜಾಗ ನಿಂದು ಕಣೋ, ಬೇರೆಯವರಿಗೆ ಬಿಡಲ್ಲ" ಎಂದಿದ್ದ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಜಾಗ ಖಾಲಿಯೇ ಉಳಿದಿತ್ತು.

ಮೊದಲ ಎಸೆತದ ಜಾಗದ ಬರ್ಚ್ ಮರದ ಕೊಂಬೆಗೆ ಯಾರದೋ ಹಸಿರು ಉಣ್ಣೆಯ ಕೈಗವಸು ಸಿಕ್ಕಿಸಿಟ್ಟಿತ್ತು. ನಮ್ಮೂರಲ್ಲಿ ಬಿದ್ದದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕಳೆದುಕೊಂಡವನ ಕಣ್ಣಿಗೆ ಬೀಳುವ ಹಾಗೆ ಹತ್ತಿರದ ಕೊಂಬೆಗೋ ಕಂಬಕ್ಕೋ ಏರಿಸಿ ಹೋಗುತ್ತಾರೆ. ಐಮೊ ಅದರ ಕೆಳಗೆ ನಿಂತೇ ಆಟ ಶುರುಮಾಡಿದ. ಆರು ಬುಟ್ಟಿ ಆಡಿ ಮುಗಿಸುವಷ್ಟರಲ್ಲಿ ಆರು ಸಲ ಬೈದುಕೊಂಡ.

ಏಳನೆಯದು ತಿರುವಿನಾಚೆ, ಪೊದೆಗಳ ಹಿಂದೆ. ಹಳದಿ ತಟ್ಟೆಯನ್ನು ಬೀಸಿ ಎಸೆದ. ಮಂಜು ನುಂಗಿಬಿಟ್ಟಿತು. ಕಿವಿ ಮುಚ್ಚುವ ಟೋಪಿಯೊಳಗೆ ಯಾವ ಸದ್ದೂ ಕೇಳಿಸಲಿಲ್ಲ. ಅವನ ತಟ್ಟೆ ಯಾವಾಗಲೂ ಎಡಕ್ಕೇ ಹೋಗುವುದು, ಆದ್ದರಿಂದ ಎಡಗಡೆಯ ಜೌಗಿಗೆ ಇಳಿದು ಹುಡುಕಿದ. ಬೂಟಿನೊಳಗೆ ಕೆಸರು ಹೊಕ್ಕಿತು, ಅವನ ಕಪ್ಪು ಕೈಗವಸುಗಳಲ್ಲಿ ಒಂದು ಎಲ್ಲೋ ಬಿದ್ದುಹೋಯಿತು. ಮಂಜಿನಲ್ಲಿ ಒಂದು ಹೆಂಗಸು, ಒಂದು ದೊಡ್ಡ ಕಪ್ಪು ನಾಯಿ ನಡೆದುಹೋದದ್ದು ಮಸುಕಾಗಿ ಕಂಡಿತು. ಮೇಲಿನ ಮನೆಯ ಹಿಲ್ಕಾ! ಐಮೊ ಪೊದೆಯ ಹಿಂದೆ ಬಗ್ಗಿ ಕುಳಿತು, ಅವಳು ದಾಟುವವರೆಗೂ ಉಸಿರು ಬಿಡಲಿಲ್ಲ.

ಕೊನೆಗೆ ಸಾಕಾಗಿ ಎದ್ದು ಬುಟ್ಟಿಯ ಹತ್ತಿರ ಹೋದರೆ, ಹಳದಿ ತಟ್ಟೆ ಅದರೊಳಗೆ ಮಲಗಿದೆ! ಒದ್ದೆಯಾಗಿತ್ತು, ಅಂಚಿನಲ್ಲಿ ಒಂದೆರಡು ಹೊಸ ಗೀರು. ಸರಪಳಿ ಕೊಟ್ಟ ಮುತ್ತು ಎಂದುಕೊಂಡ ಐಮೊ. ಅಲ್ಲೇ ಬುಟ್ಟಿಯನ್ನು ತಬ್ಬಿಕೊಂಡು, "ಪೆಂಟಿ, ಬಂದೆ ಕಣೋ" ಎಂದು ಅತ್ತುಬಿಟ್ಟ.

ಗುಡಿಸಲಲ್ಲಿ ಆಗಲೇ ಏಳೆಂಟು ಜನ ಸೇರಿ, ಪಾರ್ಕಿನ ತಿಥಿ ಎಂಬಂತೆ ಕಾಫಿ ಕುಡಿಯುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷೆ ತೂಲಿಕ್ಕಿ ಎಲ್ಲ ಕೇಳಿ, ಕಪ್ಪು ಕೆಳಗಿಟ್ಟು, "ಸಾಕ್ಷಿ ಯಾರು?" ಎಂದಳು.

"ಸಾಕ್ಷಿನಾ? ಕೆಸರು ನೋಡಮ್ಮ ನನ್ನ ಕಾಲಲ್ಲಿ!"

"ಕೆಸರು ನನ್ನ ಕಾಲಲ್ಲೂ ಇದೆ. ಸಾಕ್ಷಿ ಇಲ್ದೆ ಹೆಸರು ಬರೆಯೋ ಹಾಗಿಲ್ಲ. ಆ ನಿಯಮ ಮಾಡಿದ್ದೇ ನಿನ್ನ ಪೆಂಟಿ."

"ನಿನ್ನನ್ನ ಚೆನ್ನಾಗಿ ಬಲ್ಲವನು, ಪಾಪ" ಎಂದ ಅಂಚೆಯವನು. ಎಲ್ಲರೂ ನಕ್ಕರು.

"ಹಿಲ್ಕಾ ಇದ್ಳು ಅಲ್ಲಿ" ಎಂದು ಐಮೊ ಬಾಯಿಬಿಟ್ಟ. ನಗು ನಿಂತಿತು. ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು ಎಂಬುದು ಊರಿಗೇ ಗೊತ್ತು. ಕಾರಣ ಸೌನಾ, ಅಂದರೆ ಉಗಿಸ್ನಾನದ ಕೋಣೆ. ಅವರ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಒಂದೇ ಸೌನಾ, ವಾರಕ್ಕೊಮ್ಮೆ ಒಬ್ಬೊಬ್ಬರ ಪಾಳಿ. ಶನಿವಾರ ಸಂಜೆ ಏಳರ ಪಾಳಿ ಎಂದರೆ ಚಿನ್ನ, ಯಾರಾದರೂ ಸಾಯದೆ ಸಿಗುವುದಿಲ್ಲ. ಹಾಗೊಬ್ಬರು ಸತ್ತಾಗ ಚೀಟಿ ಎತ್ತಿದರು, ಐಮೊಗೆ ಬಂತು. ಹಿಲ್ಕಾಗೆ ಉಳಿದದ್ದು ಮಂಗಳವಾರ ಮಧ್ಯಾಹ್ನ.

"ಹೋಗಿ ಕಾಲು ಹಿಡ್ಕೊ" ಎಂದಳು ದಂತವೈದ್ಯೆ. "ಕೇಕ್ ತಗೊಂಡ್ಹೋಗು" ಎಂದರು ಪಾದ್ರಿ. ಯಾರೂ ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಹಿಲ್ಕಾ ಬಾಗಿಲನ್ನು ಒಂದು ಗೇಣು ತೆರೆದಳು. ಅವನ ಮುಖ ನೋಡಿದಳು, ಕೆಸರು ನೋಡಿದಳು, ಗವಸಿಲ್ಲದ ನೀಲಿಗಟ್ಟಿದ ಕೈ ನೋಡಿದಳು.

"ಏನಯ್ಯಾ? ಮನೆಗೆ ಬೆಂಕಿ ಬಿದ್ದಿದ್ಯಾ?"

"ಇಲ್ಲ ಹಿಲ್ಕಕ್ಕಾ. ಬೆಳಿಗ್ಗೆ ಪಾರ್ಕಲ್ಲಿ... ಹಳದಿ ತಟ್ಟೆ ಬುಟ್ಟಿಯೊಳಗೆ ಹೋದದ್ದು ನೋಡಿದ್ರಾ?"

"ಕಣ್ಣಾರೆ ನೋಡಿದೀನಿ."

"ಅದನ್ನ ಕ್ಲಬ್ಬಲ್ಲಿ ಬಂದು ಹೇಳ್ತೀರಾ?"

"ಈ ಹವೆಯಲ್ಲಾ?" ಹಿಲ್ಕಾ ಹೊರಗೆ ನೋಡಿದಳು, ಮತ್ತೆ ಅವನನ್ನು ನೋಡಿದಳು. "ಬರ್ತೀನಿ. ಶನಿವಾರ ಏಳು ಗಂಟೆ ನಂಗೆ."

"ಈ ಒಂದು ಶನಿವಾರ ತಾನೇ?"

"ನಾನು ಸಾಯೋವರೆಗೂ. ಇವತ್ತಿಂದಾನೇ."

ಐಮೊ ಅಲ್ಲೇ ಗೋಡೆಗೆ ಒರಗಿದ. ಪೆಂಟಿ ಹೋದಮೇಲೆ ವಾರದಲ್ಲಿ ಅವನಿಗೆ ಸುಖ ಎಂದು ಇದ್ದದ್ದು ಆ ಒಂದು ಗಂಟೆ. ಬಿಸಿ ಕಲ್ಲಿನ ಮೇಲೆ ನೀರು ಹುಯ್ದು, ಕತ್ತಲಲ್ಲಿ ಕುಳಿತು, ಯಾರಿಗೂ ಕಾಣದೆ ಬೆವರಿನ ಜೊತೆ ಕಣ್ಣೀರನ್ನೂ ಹರಿಯಬಿಡಬಹುದಿತ್ತು. ಆದರೆ ಹಲಗೆಯ ಖಾಲಿ ಜಾಗ ನೆನಪಾಯಿತು. "ಆಯ್ತು, ತಗೊಳ್ಳಿ" ಎಂದ. ನೋಡಿದ್ದು ಹೇಗೆ, ಎಲ್ಲಿಂದ ಎಂದು ಕೇಳಲು ಹೋಗಲಿಲ್ಲ. ನಮ್ಮ ಕಡೆ ಒಂದು ಮಾತು ಹೆಚ್ಚು ಕೇಳುವುದೆಂದರೆ ಇದ್ದ ಹಲ್ಲು ಕೀಳಿಸಿಕೊಂಡಂತೆ.

ಸಾಕ್ಷಿ ಬರುತ್ತಿದ್ದಾಳೆ ಎಂದು ಅವನು ಫೋನು ಮಾಡಿದ್ದೇ ತಡ, ಬೆಳಕು ಹೋಗುವ ಮೊದಲು ಆಗಲಿ ಎಂದು ತೂಲಿಕ್ಕಿ ಕುಂಚ ಹಿಡಿದಿದ್ದಳು. ಇವರು ನಾಯಿಯ ಸಮೇತ ಒಳಗೆ ಬರುವಾಗ ಪೆಂಟಿಯ ಪಕ್ಕದಲ್ಲಿ 'ಐಮೊ' ಎಂಬ ಬಿಳಿ ಅಕ್ಷರ ಹಸಿಹಸಿಯಾಗಿ ಹೊಳೆಯುತ್ತಿತ್ತು. ಐಮೊ ಟೋಪಿ ತೆಗೆದ.

"ಹೇಳಮ್ಮ ಹಿಲ್ಕಾ" ಎಂದಳು ತೂಲಿಕ್ಕಿ. "ತಟ್ಟೆ ಬುಟ್ಟಿಗೆ ಹೋದದ್ದು ನೋಡಿದ್ಯಾ?"

"ನೋಡದೇ ಏನು? ಹಾಕಿದ್ದೇ ನಾನು."

ಒಲೆಯಲ್ಲಿ ಸೌದೆ ಚಟಪಟ ಎಂದದ್ದು ಎಲ್ಲರಿಗೂ ಕೇಳಿಸಿತು.

"ನಮ್ಮ ಮುಸ್ತಿ ಬಾಯಲ್ಲಿ ಕಚ್ಕೊಂಡು ಬಂತು" ಎಂದಳು ಹಿಲ್ಕಾ ನಿರಾಳವಾಗಿ. "ಯಾರೋ ಪಾಪ ಕಳ್ಕೊಂಡಿದಾರೆ, ಹುಡುಕ್ತಾ ಬರ್ತಾರೆ, ಕಣ್ಣಿಗೆ ಬೀಳೋ ಕಡೆ ಇಡೋಣ ಅಂತ ಆ ಬುಟ್ಟಿಯೊಳಗೆ ಇಟ್ಟೆ. ಅದಕ್ಕೇ ತಾನೇ ನನ್ನನ್ನ ಥ್ಯಾಂಕ್ಸ್ ಹೇಳೋಕೆ ಕರೆಸಿದ್ದು?"

"ನಾಯಿ ಎಲ್ಲಿಂದ ತಂತು?" ಐಮೊನ ದನಿ ಇಲಿಯದಾಗಿತ್ತು. "ಬುಟ್ಟಿಯಿಂದಲೇ ಕಿತ್ಕೊಂಡು ಬಂದಿರಬಹುದಲ್ವಾ? ದೊಡ್ಡ ನಾಯಿ!"

ಎಲ್ಲರೂ ಮುಸ್ತಿಯ ಕಡೆ ತಿರುಗಿದರು. ಅದು ಬಾಲ ಅಲ್ಲಾಡಿಸಿತು.

"ನಾಯಿ ನಮ್ಮ ಕ್ಲಬ್ಬಿನ ಸದಸ್ಯ ಅಲ್ಲ" ಎಂದಳು ತೂಲಿಕ್ಕಿ. ಅವಳಿಗೂ ಬೇಸರವಾಗಿತ್ತು. ಬಟ್ಟೆಗೆ ಟರ್ಪೆಂಟೈನ್ ಹಾಕಿ ಉಜ್ಜಿದಳು. ಹೆಸರು ಹೋಯಿತು, ಬಿಳಿಯ ಒಂದು ಮಬ್ಬು ಕಲೆ ಮಾತ್ರ ಉಳಿಯಿತು. ಉಜ್ಜುವ ಭರದಲ್ಲಿ ಪೆಂಟಿಯ ಹೆಸರಿನ ಕೊನೆಯ ಅಕ್ಷರವೂ ಅರ್ಧ ಅಳಿಸಿಹೋಯಿತು.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ಹಂಗೆ ಯಾಕಯ್ಯಾ ನೋಡ್ತೀಯ?" ಎಂದಳು ಹಿಲ್ಕಾ ಮನೆಯ ದಾರಿಯಲ್ಲಿ. ಕಟ್ಟಡದ ಬಾಗಿಲಲ್ಲಿ ಅವಳು, "ಕೊಟ್ಟ ಮಾತು ಮಾತೇ ಮತ್ತೆ" ಎಂದು ನೆನಪಿಸಿ, ನಾಯಿಯನ್ನು ಇನ್ನೊಂದು ಸುತ್ತು ತಿರುಗಿಸಿ ಬರುತ್ತೇನೆಂದು ಹೋದಳು.

ಸಂಜೆ ಏಳಕ್ಕೆ ಮೆಟ್ಟಿಲ ಮೇಲೆ ಹಿಲ್ಕಾಳ ಚಪ್ಪಲಿಯ ಸದ್ದು ಕೇಳಿಸಿತು. ಅದು ಐಮೊನ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಕೆಳಗಿಳಿದು ಹೋಯಿತು. ಆಮೇಲೆ ನೆಲಮಾಳಿಗೆಯಿಂದ ಅವಳ ಹಾಡು ಏರಿಬಂತು. ಐಮೊ ಬಾಗಿಲು ತೆರೆದು ನೋಡಿದ. ಹಿಡಿಗೆ ಒಂದು ಕೈಗವಸು ಸಿಕ್ಕಿಸಿತ್ತು. ಅವನ ಬರಿಗೈ ನೋಡಿ ಮರುಗಿ, ಪಾರ್ಕಿಗೆ ಹೋಗಿ ಹುಡುಕಿ ತಂದು, ಒಣಗಿಸಿ, ಬೆಚ್ಚಗೆ ಮಾಡಿ ಇಟ್ಟಿದ್ದಳು ಪುಣ್ಯಾತ್ಗಿತ್ತಿ.

ಹಸಿರು ಬಣ್ಣದ್ದು.

ಐಮೊ ನಿಟ್ಟುಸಿರು ಬಿಟ್ಟು ಒದ್ದೆ ಬೂಟನ್ನೇ ಮತ್ತೆ ಏರಿಸಿದ. ಕಳೆದುಕೊಂಡವರು ನಾಳೆ ಹುಡುಕುತ್ತಾ ಬಂದರೆ? ಶನಿವಾರ ಏಳರ ಹೊತ್ತಿಗೆ ಊರೆಲ್ಲ ಉಗಿಯಲ್ಲಿ ಕುಳಿತಿರುವಾಗ, ಅವನು ಒಬ್ಬನೇ ಪಾರ್ಕಿಗೆ ನಡೆದು, ಸೋಮವಾರ ಉರುಳಲಿದ್ದ ಬರ್ಚ್ ಮರದ ಅದೇ ಕೊಂಬೆಗೆ ಆ ಗವಸನ್ನು ಸಿಕ್ಕಿಸಿ ಬಂದ.