ದೊಡ್ಡ ಮಾವನ ರಕ್ಷಣೆಯ ರಗಳೆ

ನಮ್ಮ ದೊಡ್ಡ ಮಾವನಷ್ಟು ಸಲ ಸ್ವರ್ಗ ಕಳೆದುಕೊಂಡವರು ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು! ಕೆಲವರು ಕನ್ನಡಕ ಕಳೆದುಕೊಳ್ಳುತ್ತಾರೆ, ಕೆಲವರು ಬೀಗದ ಕೈ ಕಳೆದುಕೊಳ್ಳುತ್ತಾರೆ. ನಮ್ಮ ಮಾವ ರಕ್ಷಣೆ ಕಳೆದುಕೊಳ್ಳುತ್ತಾರೆ. ಬೆಳಿಗ್ಗೆ ಹಾಲಿನವನ ಮೇಲೆ ರೇಗಿದರೆ ಹೋಯಿತು. ಸಂಜೆ ಮೊಣಕಾಲೂರಿ ಪ್ರಾರ್ಥನೆ ಮಾಡಿದರೆ ಬಂತು. ನಡುವಿನ ಹೊತ್ತಿನಲ್ಲಿ ಲಾರಿಗೀರಿ ಬಂದು ಗುದ್ದಿಬಿಟ್ಟರೆ ಗತಿಯೇನು? ಹಾಗಾಗಿ ಹಾಲಿನವನ ಮೇಲೆ ರೇಗಿದ ದಿನ ಅವರು ಸಂಜೆಯವರೆಗೆ ರಸ್ತೆ ದಾಟುವುದಿಲ್ಲ.

ನಮ್ಮದು ಕ್ರೈಸ್ತ ಮನೆತನ. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ದೇವರು ಕೊಟ್ಟ ರಕ್ಷಣೆಯನ್ನು, ಅಂದರೆ ಸತ್ತ ಮೇಲೆ ಸ್ವರ್ಗ ಸೇರುವ ಹಕ್ಕನ್ನು, ವಿಧೇಯತೆಯಿಂದ ಕಾಪಾಡಿಕೊಳ್ಳದಿದ್ದರೆ ಅದು ಕೈಬಿಟ್ಟು ಹೋಗುತ್ತದೆ ಎಂಬುದು ಅವರ ವಾದ. ಅತ್ತೆಯದು ಇದಕ್ಕೆ ತದ್ವಿರುದ್ಧ.

"ಕೊಟ್ಟಿದ್ದನ್ನ ವಾಪಸ್ ಕಿತ್ಕೊಳೋಕೆ ದೇವ್ರೇನು ನಿಮ್ಮ ಥರಾನಾ? ಒಂದ್ಸಲ ಮಗ ಅಂದ್ಮೇಲೆ ಮಗಾನೇ ಕಣ್ರೀ."

"ಮಾತು ಕೇಳ್ದಿದ್ರೂ?"

"ಮಾತು ಕೇಳ್ದಿದ್ರೂ!"

ಮದುವೆಯಾದ ಲಾಗಾಯ್ತು ಈ ವಾದ ನಡೆದೇ ಇತ್ತು. ಪ್ರತಿ ಸಲವೂ ಅತ್ತೆಯೇ ಗೆಲ್ಲುತ್ತಿದ್ದರು. ಸೋತ ಸಿಟ್ಟಿಗೆ ಮಾವ ಮತ್ತೊಮ್ಮೆ ರಕ್ಷಣೆ ಕಳೆದುಕೊಳ್ಳುತ್ತಿದ್ದರು!

ಇದು ಬರೀ ಹೊತ್ತು ಕಳೆಯುವ ವಾದವಾಗಿರಲಿಲ್ಲ. ಅದರ ಹಿಂದೆ ಇದ್ದದ್ದು ಕುಣಿಗಲ್ಲಿನ ಚಿಕ್ಕ ಮಾವ, ದೊಡ್ಡ ಮಾವನ ಒಬ್ಬನೇ ತಮ್ಮ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನ ಬಹುಮಾನಗಳೆಲ್ಲ ಅವರಿಗೇ. ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಎಲ್ಲರೂ ಬೆಳೆದದ್ದು, ಸಾಕಿದ್ದು ತಂದು ಕಾಣಿಕೆ ಕೊಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಅದರ ಹರಾಜು. ಒಂದು ವರ್ಷ ಚಿಕ್ಕ ಮಾವ ಹುಂಜ ತಂದಿದ್ದರು. ಹರಾಜು ಕೂಗುತ್ತಿದ್ದ ಹಿರಿಯರೊಬ್ಬರು ಅದನ್ನು ಎತ್ತಿ ತೋರಿಸಿ, "ಇದೇನು ಹುಂಜಾನೋ, ಪಾರಿವಾಳಾನೋ?" ಎಂದುಬಿಟ್ಟರು. ಸಭೆಯೆಲ್ಲ ಗೊಳ್ಳೆಂದಿತು. ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ ಚಿಕ್ಕ ಮಾವ ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಪ್ರಾರ್ಥನೆಯೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ. ಹಾಗಾದರೆ ಅವರ ರಕ್ಷಣೆ? ದೊಡ್ಡ ಮಾವನ ಪ್ರಕಾರ ಅದು ಹುಂಜದ ಜೊತೆಗೇ ಹೊರಟುಹೋಗಿತ್ತು. ಆ ತಮ್ಮ ತನಗೆ ಸ್ವರ್ಗದಲ್ಲಿ ಸಿಗುವುದಿಲ್ಲವಲ್ಲ ಎಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ತಮ್ಮನಂತೂ ದೇವರ ಮಾತು ಕೇಳಲಿಲ್ಲ, ತಾನಾದರೂ ಕೇಳಬೇಕಲ್ಲ! ಮಾವನ ವಿಧೇಯತೆ ದೇವರೊಬ್ಬನಿಗೇ ಮೀಸಲಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ 'ಸಾಲಾಗಿ ನಿಲ್ಲಿ' ಎಂದು ಬರೆದಿದ್ದರೆ, ಅಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಒಬ್ಬರೇ ಸಾಲಾಗಿ ನಿಲ್ಲುತ್ತಾರೆ. ಒಮ್ಮೆ ಸಿಗ್ನಲ್ಲು ಕೆಟ್ಟು ಕೆಂಪು ದೀಪವೇ ಉರಿಯುತ್ತಿತ್ತು. ಆಟೋದವರೆಲ್ಲ ಹಾರ್ನು ಹೊಡೆದು, ಬೈದು, ಪಕ್ಕದಿಂದ ನುಸುಳಿಕೊಂಡು ಹೋದರು. ಮಾವನ ಸ್ಕೂಟರ್ ಅಲ್ಲಾಡಲಿಲ್ಲ. ಹಿಂದೆ ಕೂತಿದ್ದ ನನಗೆ ಬಿಸಿಲಿಗೆ ತಲೆ ಸುತ್ತತೊಡಗಿತು. ಕೊನೆಗೆ ಪೊಲೀಸಪ್ಪನೇ ಬಂದ.

"ಹೋಗ್ರೀ ಯಜಮಾನ್ರೇ, ಲೈಟು ಕೆಟ್ಟೋಗದೆ."

"ಕೆಂಪು ಇದೆಯಲ್ಲ ಸಾರ್. ನಾನೀಗ ನಿಮ್ಮ ಮಾತು ಕೇಳ್ಬೇಕಾ, ಅದರ ಮಾತು ಕೇಳ್ಬೇಕಾ?"

ಪೊಲೀಸಪ್ಪ ಅವರನ್ನೊಮ್ಮೆ ನೋಡಿ, ನನ್ನ ಕಡೆ ಬಗ್ಗಿ, "ಎಲ್ಲಿ ತೋರಿಸ್ತಿದೀರಾ?" ಎಂದು ಮೆಲ್ಲಗೆ ವಿಚಾರಿಸಿದ.

ಇನ್ನು ಪ್ರಭುಭೋಜನದ ಕಥೆ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವವರು ಯಾರ ಮೇಲೂ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬಾರದು, ಇದ್ದರೆ ಮೊದಲು ರಾಜಿಯಾಗಬೇಕು. ನಾವೆಲ್ಲ ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಆ ಕೆಲಸ ಮುಗಿಸುತ್ತೇವೆ. ಮಾವ ಹಾಗಲ್ಲ, ಶನಿವಾರವೇ ಸ್ಕೂಟರ್ ತೆಗೆಯುತ್ತಾರೆ!

ಒಂದು ಶನಿವಾರ ಗುಬ್ಬಿಗೆ ಹೋದೆವು. ಅಲ್ಲಿ ಅವರ ಜೊತೆ ಕೆಲಸ ಮಾಡಿ ನಿವೃತ್ತರಾದ ಗಣಿತದ ಮೇಷ್ಟ್ರಿದ್ದಾರೆ. ಹಣೆ ತುಂಬ ವಿಭೂತಿ ಧರಿಸಿ, ಆಗ ತಾನೇ ಪೂಜೆ ಮುಗಿಸಿ ನೆಮ್ಮದಿಯಾಗಿ ಜಗಲಿಯ ಮೇಲೆ ಕೂತಿದ್ದರು.

"ಮೇಷ್ಟ್ರೇ, ಮೊನ್ನೆ ಮದುವೆ ಮನೇಲಿ ನಿಮ್ಮನ್ನ ನೋಡಿ ಮನಸ್ಸಲ್ಲೇ ಕತ್ತೆ ಅಂದ್ಕೊಂಡೆ. ಕ್ಷಮಿಸ್ಬೇಕು."

ಪಾಪ, ಅವರಿಗೆ ತಾವು ಕತ್ತೆಯಾಗಿದ್ದ ವಿಷಯವೇ ಗೊತ್ತಿರಲಿಲ್ಲ! "ಹೇಳ್ದೇ ಇದ್ದಿದ್ರೆ ನಾನು ಹಾಯಾಗಿರ್ತಿದ್ನಲ್ಲ ಸ್ವಾಮಿ!" ಎಂದು ಮುಖ ಗಂಟಿಕ್ಕಿ ಒಳಗೆ ಹೋದರು. ನಾವು ಹೆಗ್ಗೆರೆ ತನಕ ಬಂದಿದ್ದೆವು. ಮಾವ ಗಕ್ಕನೆ ಬ್ರೇಕು ಹಾಕಿದರು.

"ಒಂದು ಲೋಟ ಕಾಫೀನೂ ಕೊಡ್ಲಿಲ್ಲ, ಜಿಪುಣ ಅಂದ್ಕೊಂಬಿಟ್ಟೆ ಕಣೋ."

ಮತ್ತೆ ಗುಬ್ಬಿ! ಈಗ ಆ ಮನೆಯಲ್ಲಿ ಮಾವನ ಸ್ಕೂಟರಿನ ಸದ್ದು ಕೇಳಿದೊಡನೆ ಒಲೆಯ ಮೇಲೆ ಕಾಫಿ ಇಡುತ್ತಾರಂತೆ. ಮೇಷ್ಟ್ರ ಮರ್ಯಾದೆಗೆ ಅದೇ ಕ್ಷೇಮ.

ಕುಣಿಗಲ್ಲಿಗೂ ಹೀಗೇ ಹೋಗುತ್ತಿದ್ದರು. ಚಿಕ್ಕ ಮಾವನದು ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಅಂಗಡಿ, ಹಿಂದೆಯೇ ಮನೆ. ಮದುವೆಯಾಗದ ಒಂಟಿ ಜೀವ. ಅಣ್ಣ ಸ್ಕೂಟರ್ ನಿಲ್ಲಿಸುವ ಮೊದಲೇ ಉಪದೇಶ ಶುರು ಮಾಡುತ್ತಿದ್ದರು.

"ನೀನು ಕಳ್ಕೊಂಬಿಟ್ಟಿದೀಯ ಕಣ್ಲಾ. ಒಂದೇ ಒಂದು ಭಾನುವಾರ ಬಂದು ಕೂತ್ಕೊ."

"ಕಳ್ಕೊಂಡಿದ್ರೆ ಕಳ್ಕೊಂಡೆ ಬುಡಣ್ಣ. ಮುದ್ದೆ ಆರೋಗ್ತದೆ, ಉಣ್ಣು ಬಾ."

ಮಾವ ಕಣ್ಣೊರೆಸಿಕೊಳ್ಳುತ್ತಲೇ ಉಣ್ಣುತ್ತಿದ್ದರು. ಆ ನೀರು ತಮ್ಮನ ಆತ್ಮಕ್ಕಾಗಿಯೋ, ಕೋಳಿಸಾರಿನ ಖಾರಕ್ಕೋ, ಬಲ್ಲವರಾರು?

ಹೋದ ವರ್ಷ ಚಿಕ್ಕ ಮಾವನಿಗೆ ಎದೆನೋವು ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆಗಬೇಕು, ಏನೂ ಹೇಳಲಾಗದು ಎಂದರು ಡಾಕ್ಟರು. ಒಳಗೆ ಕರೆದೊಯ್ಯುವ ಮೊದಲು ಚಿಕ್ಕ ಮಾವ ಅಣ್ಣನ ಕೈ ಹಿಡಿದುಕೊಂಡರು.

"ಅಣ್ಣ, ನೀನು ಸುಳ್ಳು ಹೇಳಲ್ಲ. ಅದಕ್ಕೇ ಕೇಳ್ತೀನಿ. ನಾನೀಗ ಹೋಗ್ಬುಟ್ರೆ... ಅಪ್ಪ, ಅವ್ವ ಇರೋ ಕಡೆ ನನ್ನನ್ನ ಒಳಕ್ಕೆ ಬುಡ್ತಾರಾ?"

ದೊಡ್ಡ ಮಾವ ಇಷ್ಟು ವರ್ಷ ಹೇಳಿದ್ದನ್ನೇ ಇಲ್ಲೂ ಹೇಳಿಬಿಟ್ಟರೆ? ಅತ್ತೆ ಮಾವನ ಹಿಂದೆ ನಿಂತು ಅವರ ಷರಟನ್ನು ಜಗ್ಗುತ್ತಿದ್ದರು. ಮಾವ ತಮ್ಮನ ಕಾಲಿನ ಮೇಲಿಂದ ಸರಿದಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದರು.

"ಬಿಡ್ದೆ ಏನ್ಲಾ? ನಿಮ್ಮತ್ತಿಗೆ ಹೇಳೋದೇ ನಿಜ. ನಾನು ಸುಮ್ನೆ ಬಾಯಿ ಬಡ್ಕೊತಿದ್ದೆ. ಮಗ ಅಂದ್ಮೇಲೆ ಮಗಾನೇ ಕಣೋ."

"ಅತ್ತಿಗೆ, ಕೇಳುಸ್ತಾ? ಗೆದ್ಬುಟ್ರಿ!" ಎಂದು ಚಿಕ್ಕ ಮಾವ ನಕ್ಕರು. ನಗುತ್ತಲೇ ಒಳಗೆ ಹೋದವರು ಮತ್ತೆ ಕಣ್ಣು ಬಿಡಲಿಲ್ಲ. ಗೆದ್ದ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಕುಣಿಗಲ್ಲಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಮತ್ತೆ ಪ್ರಭುಭೋಜನದ ಭಾನುವಾರ ಬಂತು. ಹಿಂದಿನ ದಿನ ಮಾವ ಎಂದಿನಂತೆ ಊರೆಲ್ಲ ಸುತ್ತಿ ಹಾಲಿನವನವರೆಗೆ ಎಲ್ಲರ ಕ್ಷಮೆ ಕೇಳಿ ಮುಗಿಸಿದ್ದರು. ಚರ್ಚಿಗೆ ನಡೆದು ಹೋಗುವಾಗ ನಾನು ತಡೆಯಲಾರದೆ ಕೇಳಿದೆ.

"ಮಾವ, ಆಸ್ಪತ್ರೇಲಿ ಹೇಳಿದ್ರಲ್ಲ, ಅದನ್ನ ನೀವು ನಂಬ್ತೀರಾ?"

"ಇಲ್ಲ."

"ಮತ್ತೆ ಸುಳ್ಳು ಹೇಳಿದಂಗಾಯ್ತಲ್ಲ. ದೇವ್ರ ಹತ್ರ ಕ್ಷಮೆ ಕೇಳ್ಕೊಂಡ್ರಾ?"

ಮಾವ ನಿಂತರು. ಅಷ್ಟು ಶಾಂತವಾದ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

"ಅದೊಂದಕ್ಕೆ ಮಾತ್ರ ಕೇಳಲ್ಲ ಕಣೋ. ನಂದೂ ಹೋದ್ರೆ ಹೋಗ್ಲಿ. ಅವನು ಹೊರಗೆ ನಿಂತಿದ್ರೆ, ನಾನು ಒಳಗೆ ಹೋಗಿ ಯಾರ ಜೊತೆ ಮಾತಾಡ್ಲಿ?"