ಕ್ಷಮಿಸಿ, ನಿಮ್ಮ ಬ್ರೌಸರ್ ಬಹಳ ಹಳೆಯದು

ನಮ್ಮ ಕಾಕಾನಷ್ಟು ಸಲ ಬಾಗಿಲಿನಿಂದಲೇ ವಾಪಸ್ ಬಂದ ಮನುಷ್ಯ ಗಂಗಾವತಿ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಹೆಣ್ಣು ಕೇಳಲು ಹೋಗಿ ಅಲ್ಲ, ವೋಟು ಕೇಳಲು ಹೋಗಿಯೂ ಅಲ್ಲ. ತಮ್ಮದೇ ಮನೆಯಲ್ಲಿ, ತಮ್ಮದೇ ಕುರ್ಚಿಯಲ್ಲಿ, ಲುಂಗಿ ಉಟ್ಟು ಕೂತಲ್ಲೇ ಅವರು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಹೊರದಬ್ಬಿಸಿಕೊಳ್ಳುತ್ತಾರೆ! ದಬ್ಬುವವರು ಇಂಟರ್‌ನೆಟ್ಟಿನ ಮಂದಿ. ಕಾರಣ ಯಾವಾಗಲೂ ಒಂದೇ: ಕ್ಷಮಿಸಿ, ನಿಮ್ಮ ಬ್ರೌಸರ್ ಬಹಳ ಹಳೆಯದು, ನಿಮ್ಮನ್ನು ಒಳಗೆ ಬಿಡಲಾಗದು. ಬೇರೆ ಯಾರಾದರೂ ಆಗಿದ್ದರೆ ಎರಡನೆಯ ದಿನವೇ ಆ ಡಬ್ಬಿಯನ್ನು ಕಾಲುವೆಗೆ ಎಸೆಯುತ್ತಿದ್ದರು. ಕಾಕಾ ಕನ್ನಡಕ ಒರೆಸಿಕೊಂಡು ಮುಂದಿನ ಬಾಗಿಲು ಬಡಿಯುತ್ತಾರೆ.

ಆ ಡಬ್ಬಿಯ ಪರಿಚಯ ಮೊದಲು ಆಗಲಿ. ಕಾಕಾ ಶ್ರೀರಾಮನಗರದ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಲಾರಿ ತೂಗಿ ತೂಗಿ ನಿವೃತ್ತರಾದವರು. ಮಿಲ್ಲಿಗೆ ಹೊಸ ಕಂಪ್ಯೂಟರ್ ಬಂದ ದಿನ ಹಳೆಯದನ್ನು ಗುಜರಿಯವನ ಗಾಡಿಗೆ ಏರಿಸಿದ್ದರಂತೆ. ಕಾಕಾ ಅದನ್ನು ಗಾಡಿಯಿಂದ ಇಳಿಸಿಕೊಂಡು, ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ, ತಾವು ನಿಂತುಕೊಂಡು ಗಂಗಾವತಿಗೆ ತಂದರು. ಡೊಳ್ಳುಹೊಟ್ಟೆಯನ್ನು ಬೆನ್ನಿಗೆ ಹೊತ್ತುಕೊಂಡಂಥ ಪರದೆ. ಒಂದು ಅಕ್ಷರ ಒತ್ತಿದರೆ ಓಣಿಗೆಲ್ಲ ಕೇಳಿಸುವ ಕೀಬೋರ್ಡು. ಒಳಗಿನ ಫ್ಯಾನ್ ತಿರುಗಿದರೆ ಈಗಲೂ ಮನೆಯಲ್ಲಿ ತೌಡಿನ ವಾಸನೆ.

ಅದರ ಹೊಟ್ಟೆಯಲ್ಲಿ ಗುಂಡಿಯಂಥದೊಂದು ಬ್ಯಾಟರಿ ಇರುತ್ತದೆ, ತಾರೀಕು ನೆನಪಿಡಲಿಕ್ಕೆ. ಅದು ಸತ್ತು ಯಾವ ಕಾಲವಾಯಿತೋ! ಹೀಗಾಗಿ ರಾತ್ರಿ ಆರಿಸಿದ ಕಂಪ್ಯೂಟರ್ ಮರುದಿನ ಎದ್ದಾಗ ತಾನು ಹುಟ್ಟಿದ ವರ್ಷದಲ್ಲೇ ಇದ್ದೇನೆಂದುಕೊಂಡು ಏಳುತ್ತದೆ. ತಾರೀಕು ತಪ್ಪಿದ್ದರೆ ಇಂಟರ್‌ನೆಟ್ಟಿನವರು ಇವನ್ಯಾರೋ ಮೋಸಗಾರ ಎಂದು ಮಾತನ್ನೂ ಆಡುವುದಿಲ್ಲ. ಆದ್ದರಿಂದ ಕಾಕಾ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಗೋಡೆಯ ಕ್ಯಾಲೆಂಡರ್ ನೋಡಿ, ಅದಕ್ಕೆ ಇವತ್ತಿನ ದಿನ, ತಿಂಗಳು, ವರ್ಷ ಹೇಳಿಕೊಡುತ್ತಾರೆ. ಹೊಸ ಬ್ಯಾಟರಿ ಹಾಕಿಸಬಾರದೇ ಎಂದು ಒಮ್ಮೆ ಕೇಳಿದೆ. ನಿವೃತ್ತಿಯಾದ ಮೇಲೆ ಇವತ್ತು ಯಾವ ದಿನ ಎಂದು ತಮ್ಮನ್ನು ಕೇಳುವವರೇ ಇಲ್ಲ, ಇದೊಂದಾದರೂ ಕೇಳುತ್ತದಲ್ಲ, ಕೇಳಲಿ ಬಿಡು ಎಂದರು. ಇದಕ್ಕೆ ಏನು ಹೇಳುತ್ತೀರಿ?

ನಾನು ಕೊಪ್ಪಳದ ಕಚೇರಿಯೊಂದರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಒಂದು ಭಾನುವಾರ ಕಾಕಾನ ಮನೆಗೆ ಹೋದರೆ ಮನೆ ಗಪ್‌ಚಿಪ್. ಟಿವಿ ಇಲ್ಲ, ಫ್ಯಾನ್ ಇಲ್ಲ. ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಬೆವರು ಸುರಿಸುತ್ತ ಒರಳಿನಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟುತ್ತಿದ್ದರು. ಮಿಕ್ಸರ್ ಕೆಟ್ಟಿತೇ ಎಂದೆ. "ಮಿಕ್ಸರ್ ಛಲೋ ಐತಿ. ನಿಮ್ಮ ಕಾಕಾ ಡೌನ್‌ಲೋಡ್ ಮಾಡಾಕ ಹತ್ಯಾರ" ಎಂದರು ಚಿಗವ್ವ. ಮಿಕ್ಸರ್ ಹಚ್ಚಿದರೆ ವೋಲ್ಟೇಜ್ ಇಳಿಯುತ್ತದೆ, ವೋಲ್ಟೇಜ್ ಇಳಿದರೆ ಡಬ್ಬಿ ಆರುತ್ತದೆ, ಡಬ್ಬಿ ಆರಿದರೆ ಇಳಿಯುತ್ತಿದ್ದುದೆಲ್ಲ ನೀರುಪಾಲು. ಬಾಣಂತಿ ಕೋಣೆಯ ಮುಂದೆಯೂ ಅಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ!

ಇಳಿಯುತ್ತಿದ್ದುದು ಏನು? ಇಂಥ ಮುದಿ ಕಂಪ್ಯೂಟರುಗಳಿಗೆಂದೇ ಯಾರೋ ಪುಣ್ಯಾತ್ಮರು ದೂರದ ದೇಶದಲ್ಲಿ ಕೂತು ಬರೆದ ಪುಟ್ಟ ಬ್ರೌಸರ್. ಚಿತ್ರ ತೋರಿಸುವುದಿಲ್ಲ, ಬಣ್ಣ ತೋರಿಸುವುದಿಲ್ಲ, ಬರೀ ಅಕ್ಷರ. ನನ್ನ ಫೋನಿಗೆ ದಿನಾ ಬರುವ ಶುಭೋದಯದ ಒಂದು ಹೂವಿನ ಚಿತ್ರದಷ್ಟೂ ಅದರ ತೂಕವಿಲ್ಲ. ಅದು ಬೆಳಿಗ್ಗೆ ಆರರಿಂದ ಇಳಿಯುತ್ತಿತ್ತು. ಮಧ್ಯಾಹ್ನ ಇನ್ನೇನು ಮುಗಿಯಿತು ಅನ್ನುವಾಗ ಕರೆಂಟೇ ಹೋಯಿತು. ನಾನು ಹಣೆ ಹಣೆ ಬಡಿದುಕೊಂಡೆ. ಕಾಕಾ ಮಾತ್ರ ಎದ್ದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. "ಕೊನೀ ಹೊಲದವ್ರು ಕಾಲುವಿ ನೀರಿಗೆ ಹೆಂಗ ಕಾಯ್ತಾರ? ಹಂಗ ಕಾಯೂದು. ಬರೂದು ಬಂದೇ ಬರ್ತೈತಿ" ಎಂದರು. ಮೂರನೆಯ ದಿನ ಬಂತಂತೆ. ಫೋನ್ ಮಾಡಿ ಹೇಳಿದರು, ಮೊಮ್ಮಗ ಹುಟ್ಟಿದಾಗಲೂ ಅಷ್ಟು ಲಗೂನ ಹೇಳಿರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಕಾಕಾನಿಗೆ ಇಂಗ್ಲಿಷ್ ಬರುವುದು ಲಾರಿ ನಂಬರ್ ಬರೆಯುವಷ್ಟು. ಇಂಟರ್‌ನೆಟ್ಟಿನವರು ಹೊರಗೆ ದಬ್ಬುವುದು ಇಂಗ್ಲಿಷಿನಲ್ಲಿ. ಹಾಗಾದರೆ ದಬ್ಬಿಸಿಕೊಂಡದ್ದು ತಿಳಿಯುವುದು ಹೇಗೆ? ಅದಕ್ಕೆ ಚಿಗವ್ವ ಇದ್ದಾರೆ! ಅವರು ಹಿಂದೆ ಪಿಯುಸಿ ಎರಡನೆಯ ವರ್ಷ ಓದಿದವರು. ಓದಿದರು, ಆದರೆ ಪರೀಕ್ಷೆ ಬರೆಯಲಿಲ್ಲ. ಪರೀಕ್ಷೆಯ ವಾರದಲ್ಲೇ ಲಗ್ನ. ಈ ಮಾತನ್ನು ಚಿಗವ್ವ ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಕೊಡುತ್ತಿದ್ದರು: ಪರೀಕ್ಷೆ ಒಂದು ಬರೆದಿದ್ದರೆ ತಾನೂ ಇಷ್ಟು ಹೊತ್ತಿಗೆ ಸಾಲಿ ಟೀಚರ್ ಆಗಿರುತ್ತಿದ್ದೆ ಎಂದು.

ಕಾಕಾ ಕೂಗಿದರೆ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ, ಪರದೆಯ ಮೇಲಿನದನ್ನು ಓದುವರು. ತಿಳಿಯದ ಶಬ್ದಕ್ಕೆ ಪಕ್ಕದಲ್ಲೇ ರಟ್ಟು ಹರಿದ ಡಿಕ್ಷನರಿ.

"ಏನಂತಾನ?" ಎನ್ನುವರು ಕಾಕಾ.

"ಬರಬ್ಯಾಡ ಅಂತಾನ."

"ಹೆಂಗ ಅಂತಾನ?"

"ಭಾಳ ಮರ್ಯಾದಿಲೆ ಅಂತಾನ ಬಿಡ್ರಿ."

ವರ್ಷಗಟ್ಟಲೆ ಹೀಗೆ ಓದಿ ಓದಿ, ಇಂಗ್ಲಿಷಿನಲ್ಲಿ ಒಬ್ಬರನ್ನು ಎಷ್ಟು ನಯವಾಗಿ ಹೊರಹಾಕಬಹುದೋ ಅದೆಲ್ಲ ಚಿಗವ್ವನಿಗೆ ಬಾಯಿಪಾಠವಾಯಿತು. ಕ್ರಮೇಣ ಅಡುಗೆಮನೆಗೂ ಹಬ್ಬಿತು. ಒಂದು ದಿನ ನಾನು ಮೊಸರು ಕೇಳಿದರೆ, "ಅನ್‌ಫಾರ್ಚುನೇಟ್ಲಿ ಮೊಸರು ತೀರೈತಿ" ಎಂದರು. ತಟ್ಟೆ ಹಿಡಿದುಕೊಂಡು ಪಿಳಿಪಿಳಿ ನೋಡಿದೆ.

ಇಂಥ ಕಾಕಾ ಹೋದ ವರ್ಷ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನನ್ನ ಕಚೇರಿಗೆ ಬಂದರು. ಚೀಲದಲ್ಲಿ ಚಿಗವ್ವನ ಫೋಟೋ, ಹಳೆಯ ಅಂಕಪಟ್ಟಿ, ಗ್ಯಾಸಿನ ಕಾಗದವೆಂದು ಸುಳ್ಳು ಹೇಳಿ ಮಾಡಿಸಿಕೊಂಡು ಬಂದ ಸಹಿ. ಚಿಗವ್ವನಿಗೆ ಖಾಸಗಿಯಾಗಿ ಪಿಯುಸಿ ಪರೀಕ್ಷೆ ಕಟ್ಟಬೇಕಂತೆ. ಒಂಬತ್ತು ದಿನ ತಮ್ಮ ಕಂಪ್ಯೂಟರಿನಲ್ಲಿ ಕುಸ್ತಿ ಹಿಡಿದರೂ ಫೋಟೋ ಒಳಗೆ ಹೋಗಲಿಲ್ಲವಂತೆ. "ಈ ಒಂದ್ಸಲ ನಿನ್ನ ಹೊಸಾದರಾಗ ಮಾಡು ಯವ್ವಾ. ಆಕಿಗೆ ಹೇಳಬ್ಯಾಡ" ಎಂದರು. ಹೊಸ ಕಂಪ್ಯೂಟರ್ ಎಂದರೆ ಮೂಗು ಮುರಿಯುವ ಮನುಷ್ಯ ಅವತ್ತು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ತಮಾಷೆ ಮಾಡಲು ನನಗೇ ಮನಸ್ಸಾಗಲಿಲ್ಲ.

ಪರೀಕ್ಷೆಯ ಹಾಲ್ ಟಿಕೆಟ್ ಬಂದಾಗ ಗುಟ್ಟು ಬಯಲಾಯಿತು. ಚಿಗವ್ವ ಮೂರು ದಿನ ಕಾಕಾನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ನನ್ನ ಮುಂದೆಯೇ ಸಿಟ್ಟು ಹೊರಬಂತು. "ಐವತ್ತರಾಗ ಸಣ್ಣ ಹುಡುಗ್ಯಾರ ಬಾಜೂಕ ಬೆಂಚಿನ ಮ್ಯಾಲೆ ಕೂಡ್ಲೇನು? ಬರೀಲಿಲ್ಲ ಅಂತ ಹೇಳಾಕರ ಒಂದು ಮರ್ಯಾದಿ ಇತ್ತು. ನಪಾಸಾದ್ರ ಅದೂ ಹೋತು. ನನ್ನ ಕಾಲ ಮುಗದೈತಿ."

ಕಾಕಾ ಕಂಪ್ಯೂಟರಿನತ್ತ ಕೈ ಮಾಡಿದರು. "ಅದಕ್ಕೂ ದಿನಾ ಎಲ್ಲಾರೂ ಅದನ್ನ ಹೇಳ್ತಾರ. ನೀನ ಓದಿ ಹೇಳ್ತಿ. ಕೇಳೇತೇನು ಅದು?"

ಮುಂದಿನ ಸಲ ನಾನು ಹೋದಾಗ ರೊಟ್ಟಿ ಬುಟ್ಟಿಯ ಕೆಳಗೆ ಇತಿಹಾಸದ ಪುಸ್ತಕ ಇತ್ತು. ಅಕ್ಕಿ ಡಬ್ಬಿಯ ಮೇಲೆ ಅರ್ಥಶಾಸ್ತ್ರ. ಅಂಜಿಕೆಯೆಲ್ಲ ಇಂಗ್ಲಿಷಿನದು. ಉಳಿದವನ್ನು ಹೆಂಗರ ಮಾಡಿಯೇನು, ಇಂಗ್ಲಿಷ್ ಒಂದು ಕೈ ಕೊಟ್ಟರೆ ಮುಗಿಯಿತು ಎನ್ನುತ್ತಿದ್ದರು.

ಇಂಗ್ಲಿಷ್ ಪರೀಕ್ಷೆ ಮುಗಿಸಿ ಹೊರಬಂದವರ ಮುಖ ಮಾತ್ರ ನೋಡುವಂತಿತ್ತು. ಯಾರದೋ ಆಮಂತ್ರಣಕ್ಕೆ ಬರಲಾಗದು ಎಂದು ವಿನಯದಿಂದ ಪತ್ರ ಬರೆಯಿರಿ ಎಂಬ ಪ್ರಶ್ನೆ ಬಿದ್ದಿತ್ತಂತೆ! ಪಕ್ಕದ ಹುಡುಗಿ ಪೆನ್ನು ಕಚ್ಚುತ್ತಿದ್ದರೆ ಚಿಗವ್ವ ಒಂದೂವರೆ ಪುಟ ಬರೆದರು. ವಿಷಾದವೇನು, ಕ್ಷಮೆಯೇನು, ತಮ್ಮ ತಾಳ್ಮೆಗೆ ಧನ್ಯವಾದವೇನು! ನಿಮ್ಮ ಕಾಕಾನನ್ನು ಹೊರದಬ್ಬಿದ ಅಷ್ಟೂ ಜನ ಬಂದು ಸಾಲಾಗಿ ನಿಂತು ಹೇಳಿಕೊಟ್ಟ ಹಾಗಾಯಿತು ಎಂದರು.

ಫಲಿತಾಂಶದ ದಿನ ನಾನು ರಜೆ ಹಾಕಿ ಹೋದೆ. ಹತ್ತು ಗಂಟೆಗೆ ನನ್ನ ಫೋನಿನಲ್ಲಿ ಫಲಿತಾಂಶದ ಪುಟ ತೆರೆದರೆ ಒಂದು ಚಕ್ರ ಸುತ್ತತೊಡಗಿತು, ಸುತ್ತಿಯೇ ಸುತ್ತಿತು. ರಾಜ್ಯದ ಮಂದಿಯೆಲ್ಲ ಒಂದೇ ಬಾಗಿಲಿಗೆ ಬಿದ್ದಿದ್ದರು. ನಾನು ತಾಳ್ಮೆಗೆಟ್ಟು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು. ಕಾಕಾ ಮಾತ್ರ ಕಂಪ್ಯೂಟರಿಗೆ ತಾರೀಕು ಹೇಳಿಕೊಟ್ಟು, ಒಂದೇ ಬೆರಳಿನಲ್ಲಿ ಟಕ್ ಟಕ್ ಎಂದು ನಂಬರ್ ಒತ್ತಿ, ಕೈಕಟ್ಟಿ ಕೂತರು. ಆ ಮುದಿ ಬ್ರೌಸರಿಗೆ ಬೇಸರ ಎಂದರೆ ಗೊತ್ತಿಲ್ಲ. ಕೇಳಿದ್ದನ್ನು ಒಮ್ಮೆ ಕೇಳಿ ಬಾಗಿಲಲ್ಲೇ ಕೂತುಬಿಡುತ್ತದೆ. ಚಿಗವ್ವ ಅಡುಗೆಮನೆಯಲ್ಲಿ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಬೇಕಾಗಿರದ ಚಟ್ನಿಗೆ ತಯಾರಿ ನಡೆಸಿದ್ದರು.

ಮುಕ್ಕಾಲು ಗಂಟೆಯ ಮೇಲೆ ಪರದೆಯಲ್ಲಿ ಒಂದು ಸಾಲು ಮೂಡಿತು. ಚಿಗವ್ವನ ಹೆಸರು! ಆಮೇಲೆ ಕನ್ನಡ, ಎಪ್ಪತ್ತೆಂಟು. ಆಮೇಲೆ ಇಂಗ್ಲಿಷ್ ಎಂಬ ಶಬ್ದ ಬಂತು, ಮುಂದೆ ಏನೂ ಬರಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯಿಂದ ಗರ್ರ್ ಎಂದು ಸದ್ದಾಗಿ ಪರದೆ ಕಂಪಿಸಿತು. ನಲವತ್ತು ವರ್ಷ ಲಾರಿ ಡ್ರೈವರುಗಳ ಮೇಲೂ ದನಿ ಎತ್ತದಿದ್ದ ಕಾಕಾ "ಮಿಕ್ಸರ್!" ಎಂದು ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿರಬೇಕು. ಮಿಕ್ಸರ್ ನಿಂತಿತು. ಪರದೆ ಬದುಕಿತು. ಚಿಗವ್ವ ಕೈತುಂಬ ಹಸಿಮೆಣಸಿನಕಾಯಿ ಚಟ್ನಿ ಮೆತ್ತಿಕೊಂಡು ಬಾಗಿಲಲ್ಲಿ ನಿಂತರು, ಒಳಗೆ ಬರಲು ಅವರಿಗೆ ಧೈರ್ಯವಿರಲಿಲ್ಲ.

ಇಂಗ್ಲಿಷ್, ಅರವತ್ತೊಂದು. ಅದರ ಕೆಳಗೆ ಉಳಿದವು ಒಂದೊಂದಾಗಿ ಇಳಿದವು, ಕಟ್ಟಕಡೆಗೆ ಒಂದು ಇಂಗ್ಲಿಷ್ ಸಾಲು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಕೈ ಒತ್ತಿ ಸುಮ್ಮನಿರಿಸಿದರು. ಹೆಂಡತಿಯ ಕಡೆ ತಿರುಗಿ, ಯಾವಾಗಲೂ ಕೇಳುವಂತೆಯೇ ಕೇಳಿದರು.

"ಏನಂತಾನ?"

ಚಿಗವ್ವ ಬಂದು, ಬಗ್ಗಿ, ಓದಿದರು. ಎರಡು ಸಲ ಓದಿದರು.

"ಒಳಗ ಬಾ ಅಂತಾನ."

ಕಾಕಾ ಕೀಬೋರ್ಡನ್ನು ಎತ್ತಿ ಅದರಡಿಯಿಂದ ಒಂದು ಕಾಗದ ತೆಗೆದರು. ಹಳದಿಯಾಗಿ, ಮಡಿಕೆಯಲ್ಲಿ ಹರಿದ ಹಾಲ್ ಟಿಕೆಟ್. ಮೂಲೆಯಲ್ಲಿ ಎರಡು ಜಡೆ ಹಾಕಿದ ಹುಡುಗಿಯ ಫೋಟೋ. ಲಗ್ನವಾದ ಹೊಸದರಲ್ಲಿ ಚಿಗವ್ವ ಅದನ್ನು ಒಲೆಗೆ ಹಾಕಲು ಹೋದಾಗ ಕಾಕಾ ತೆಗೆದಿಟ್ಟುಕೊಂಡದ್ದಂತೆ.

"ನಿಮ್ಮಪ್ಪ ಹದಿನೈದು ದಿನ ತಡೀರಿ, ಹುಡುಗಿ ಪರೀಕ್ಷಾ ಬರದ ಬರ್ತಾಳ ಅಂದಿದ್ರು. ನಾನ ಒಲ್ಲೆ ಅಂದೆ" ಎಂದರು ಕಾಕಾ. "ಈ ಡಬ್ಬಿ ಮುಂದ ದಿನಗಟ್ಲೆ ಕಾಯ್ತೀನಿ. ಅವತ್ತ ಹದಿನೈದು ದಿನ ಕಾಯಾಕ ಆಗಲಿಲ್ಲ ನನಗ."

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಚಿಗವ್ವ ಚಟ್ನಿಯ ಕೈಯನ್ನು ದೂರ ಹಿಡಿದು, ಮುಂಗೈಯಿಂದ ಕಾಕಾನ ಕಣ್ಣು ಒರೆಸಿದರು. "ಈಗ ಕಾದ್ರಲ್ಲ, ಸಾಕ ಬಿಡ್ರಿ" ಎಂದರು.

ಸಂಜೆ ನಾನು ಕೊಪ್ಪಳದ ಬಸ್ಸಿಗೆ ಹೊರಟಾಗಲೂ ಪರದೆಯ ಮೇಲೆ ಆ ಸಾಲುಗಳು ಹಾಗೇ ಇದ್ದವು. ಅವತ್ತು ಕಾಕಾ ಕಂಪ್ಯೂಟರ್ ಆರಿಸಲಿಲ್ಲ. ಆರಿಸಿದರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಹಳೆಯ ವರ್ಷಕ್ಕೆ ಹೋಗಿಬಿಡುತ್ತದಲ್ಲ.